ಪರಿಹಾರ ಒಡೆಯನಿಗೆ, ಉಪದೇಶ ದುಡಿದವನಿಗೆ

“ಹಳೆಯದನ್ನೆಲ್ಲ ಯಾಕೆ ಕೆದಕುತ್ತೀರಿ? ಆದದ್ದು ಆಗಿಹೋಯಿತು. ಈಗ ಕಾಯಿದೆ ಎಲ್ಲರಿಗೂ ಒಂದೇ. ಯೋಗ್ಯತೆ ಇದ್ದವನು ಮೇಲೆ ಬರಲಿ, ಇಲ್ಲದವನು ಸುಮ್ಮನಿರಲಿ.”

ಮೀಸಲಾತಿಯ ಮಾತು ಎದ್ದಾಗಲೆಲ್ಲ ಯಾದಗಿರಿಯ ಅಡತಿ ಅಂಗಡಿಗಳಲ್ಲಿ, ಶಹಾಪುರದ ಚಹದ ಹೋಟೆಲುಗಳಲ್ಲಿ, ಸುರಪುರದ ಕಚೇರಿಗಳ ಅಂಗಳದಲ್ಲಿ ಈ ಮಾತು ಕೇಳಿಬರುತ್ತದೆ. ಇದನ್ನು ಆಡುವವರೆಲ್ಲ ದುಷ್ಟರೆಂದು ನಾವು ಹೇಳುವುದಿಲ್ಲ. ಎಷ್ಟೋ ಜನ ನಂಬಿಯೇ ಆಡುತ್ತಾರೆ. ದಿನವಿಡೀ ಮೂಟೆ ಹೊತ್ತು ಸಂಜೆಗೆ ಸೊಂಟ ಹಿಡಿದುಕೊಂಡು ಮನೆಗೆ ಹೋಗುವ ಹಮಾಲನೂ ಒಮ್ಮೊಮ್ಮೆ ಆಡುತ್ತಾನೆ. ಆದುದರಿಂದಲೇ ಇದಕ್ಕೆ ಉತ್ತರ ಕೊಡುವುದು ಅಗತ್ಯ.

ನಮ್ಮ ಓದುಗರಲ್ಲಿ ಬಹುಮಂದಿ ಲೆಕ್ಕ ಬಲ್ಲವರು. ಅವರನ್ನೇ ಕೇಳುತ್ತೇವೆ. ನಿಮ್ಮ ಅಂಗಡಿಯಲ್ಲಿ ಉದ್ರಿ ಬರೆಸಿ ಹೋದ ದೊಡ್ಡ ಕುಳವೊಂದು ಹತ್ತು ವರ್ಷದ ಮೇಲೆ ಬಂದು, “ಅದು ಹಳೆಯ ಮಾತು, ಖಾತೆ ಹರಿದುಹಾಕಿ, ಇಂದಿನಿಂದ ನಾವಿಬ್ಬರೂ ಸಮಾನರು” ಎಂದರೆ ನೀವು ಒಪ್ಪುತ್ತೀರಾ? ಮಿಲ್ಲಿನ ಮಾಲಿಕ ಮೂರು ತಿಂಗಳ ಪಗಾರ ಹಿಡಿದಿಟ್ಟುಕೊಂಡು, “ಈ ತಿಂಗಳಿಂದ ಸರಿಯಾಗಿ ಕೊಡುತ್ತೇನೆ, ಹಿಂದಿನದನ್ನು ಮರೆತುಬಿಡು” ಎಂದರೆ ಮಜೂರರು ಒಪ್ಪುತ್ತಾರಾ? ಒಪ್ಪುವುದಿಲ್ಲ. ಹಿಂದಿನ ಬಾಕಿ ಚುಕ್ತಾ ಆಗದೆ ಮುಂದಿನ ವ್ಯವಹಾರ ಇಲ್ಲ ಎನ್ನುತ್ತೀರಿ. ಹಾಗಾದರೆ ತಲೆತಲಾಂತರದ ಬಾಕಿಯ ವಿಷಯದಲ್ಲಿ ಮಾತ್ರ ಬೇರೆ ನ್ಯಾಯವೇಕೆ?

ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಅನ್ಯಾಯವನ್ನು ಕಾಯಿದೆಯಿಂದ ನಿಲ್ಲಿಸಿದ ದಿನ ಪರಿಹಾರ ಯಾರ ಮನೆಗೆ ಹೋಯಿತು? ಅನ್ಯಾಯ ಉಂಡವನ ಮನೆಗೋ, ಅನ್ಯಾಯ ಮಾಡಿದವನ ಮನೆಗೋ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಇಂದಿನ ಎಷ್ಟೋ ವಾದವಿವಾದಗಳ ಒಳಗುಟ್ಟು ತಾನಾಗಿಯೇ ಹೊರಬೀಳುತ್ತದೆ.

ಬೇರೆ ದೇಶಗಳ ಲೆಕ್ಕ

ಮೊದಲು ದೂರದ ಸಂಗತಿ ನೋಡೋಣ. ಬಿಳಿಯರು ಆಫ್ರಿಕದ ಕರಿಯರನ್ನು ಹಡಗಿನಲ್ಲಿ ತುಂಬಿ ಒಯ್ದು, ಕಬ್ಬಿನ ತೋಟಗಳಲ್ಲಿ ದನದಂತೆ ದುಡಿಸಿದರು. 1833ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾಯಿದೆ ಮಾಡಿತು. ಅದಕ್ಕಾಗಿ ಎರಡು ಕೋಟಿ ಪೌಂಡುಗಳನ್ನು ಪರಿಹಾರವೆಂದು ತೆಗೆದಿಟ್ಟಿತು. ಆ ಹಣ ಹೋದದ್ದು ಗುಲಾಮರ ಒಡೆಯರಿಗೆ. ಬೆನ್ನ ಮೇಲೆ ಬಾಸುಂಡೆ ಹೊತ್ತ ಗುಲಾಮನಿಗೆ ಒಂದು ಕಾಸೂ ಸಿಗಲಿಲ್ಲ. ಬದಲಾಗಿ ಇನ್ನೂ ಕೆಲವು ವರ್ಷ ‘ಕೆಲಸ ಕಲಿಯುವವ’ ಎಂಬ ಹೆಸರಿನಲ್ಲಿ ಅದೇ ಒಡೆಯನ ಬಳಿ ಬಿಟ್ಟಿ ದುಡಿಯಬೇಕಾಯಿತು. ಈ ಪರಿಹಾರಕ್ಕಾಗಿ ಎತ್ತಿದ ಸಾಲವನ್ನು ಇಂಗ್ಲೆಂಡಿನ ಬೊಕ್ಕಸ ತೀರಿಸಿ ಮುಗಿಸಿದ್ದು 2015ರಲ್ಲಿ. ‘ಹಳೆಯ ಮಾತು’ ಎಷ್ಟು ಹಳೆಯದು ನೋಡಿ!

ಹೈಟಿ ಎಂಬ ದ್ವೀಪದ ಕಥೆ ಇನ್ನೂ ಘೋರ. ಅಲ್ಲಿನ ಗುಲಾಮರು ತಾವೇ ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸು ಯುದ್ಧದ ಹಡಗುಗಳನ್ನು ಕಳಿಸಿ, “ನಮ್ಮ ಆಸ್ತಿ ನಷ್ಟವಾಯಿತು, 15 ಕೋಟಿ ಫ್ರಾಂಕು ಕೊಡಿ” ಎಂದಿತು. ಆಸ್ತಿಯೆಂದರೆ ತೋಟಗಳು ಮತ್ತು ಆ ಮನುಷ್ಯರೇ! ತಮ್ಮ ಮೈಯ ಬೆಲೆಯನ್ನು ತಾವೇ ತೆರಬೇಕಾಯಿತು. ಮೊತ್ತ ಮುಂದೆ 9 ಕೋಟಿಗೆ ಇಳಿದರೂ ಅದಕ್ಕಾಗಿ ಮಾಡಿದ ಸಾಲದ ಕಂತುಗಳು 1947ರವರೆಗೆ ಮುಗಿಯಲಿಲ್ಲ. ಇಂದು ಆ ದೇಶದ ಬಡತನ ಕಂಡು, “ಅವರಿಗೆ ಆಳಿಕೊಳ್ಳಲು ಬಾರದು” ಎಂದು ಹೇಳುವ ಪಂಡಿತರು ಈ ಕಂತುಗಳ ಸುದ್ದಿ ಎತ್ತುವುದಿಲ್ಲ.

ಅಮೆರಿಕದಲ್ಲಿ 1865ರ ಜನವರಿಯಲ್ಲಿ ಸೇನಾಧಿಪತಿಯೊಬ್ಬ ಬಿಡುಗಡೆಯಾದ ಕರಿಯರಿಗೆ ಕರಾವಳಿಯ ಭೂಮಿಯಲ್ಲಿ ಕುಟುಂಬಕ್ಕೆ 40 ಎಕರೆ ಕೊಡಲು ಹುಕುಂ ಹೊರಡಿಸಿದ. ಅದೇ ವರ್ಷ ಅಲ್ಲಿನ ಅಧ್ಯಕ್ಷ ಆ ಭೂಮಿಯನ್ನು ಹಳೆಯ ಜಮೀನುದಾರರಿಗೇ ಮರಳಿಸಿದ. ಭೂಮಿಯಿಲ್ಲದ ಸ್ವಾತಂತ್ರ್ಯ ಬಂದಲ್ಲಿ ಒಡೆಯ ಒಡೆಯನಾಗಿಯೇ ಉಳಿಯುತ್ತಾನೆ. ಸುಮಾರು ನೂರು ವರ್ಷಗಳ ಮೇಲೆ, 1964ರಲ್ಲಿ, ನಮ್ಮ ರಾಮಮನೋಹರ ಲೋಹಿಯಾ ಅವರು ಅಮೆರಿಕದ ಜ್ಯಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಹೋಟೆಲಿಗೆ ಹೋಗಲು ಹೊರಟಾಗ ಪೋಲೀಸರು ಹಿಡಿದರು. ಬಣ್ಣದ ಕೊಬ್ಬೂ ಜಾತಿಯ ಕೊಬ್ಬೂ ಒಂದೇ ಮರದ ಎರಡು ಕೊಂಬೆಗಳೆಂಬುದನ್ನು ಅವರು ಮೊದಲೇ ಬಲ್ಲವರಾಗಿದ್ದರು.

ಸುರಪುರದ ಲೆಕ್ಕ

ಈಗ ಮನೆಯ ಅಂಗಳಕ್ಕೆ ಬರೋಣ.

ಸುರಪುರ ಬೇಡರ ನಾಡು. 1705ರಲ್ಲಿ ಮುದುಕ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಅಂಥ ಕಾಲಾಳುಗಳ ನಾಡಿದು. 1858ರ ಫೆಬ್ರುವರಿಯಲ್ಲಿ ಕುಂಪಣಿಯ ದಂಡು ಸುರಪುರದ ಮೇಲೆ ಬಿತ್ತು. ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕರು, ಸೆರೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಯಾತಕ್ಕಾಗಿ? 1857ರ ದಂಗೆಯಲ್ಲಿ ತಮ್ಮ ಪಕ್ಷ ಹಿಡಿದ ಉಪಕಾರಕ್ಕಾಗಿ. ಊರು, ಹೊಲ, ಬಾವಿ, ಜನ, ಎಲ್ಲವೂ ಬಹುಮಾನದ ತಟ್ಟೆಯಲ್ಲಿ ಹೋಯಿತು. ಆ ಜನರನ್ನು ಯಾರೂ ಕೇಳಲಿಲ್ಲ.

ಅರಸರ ಕಾಲ ರಾಮರಾಜ್ಯವಾಗಿತ್ತೆಂದು ನಾವು ಹೇಳುವವರಲ್ಲ. ಅರಸರ ಕಾಲದಲ್ಲೂ ಕೇರಿಯವರು ಕೇರಿಯಲ್ಲೇ ಇದ್ದರು. ಆದರೆ ಸಂಸ್ಥಾನದೊಂದಿಗೆ ಸಾವಿರಾರು ಬೇಡ ಸಿಪಾಯಿಗಳ ಹೊಟ್ಟೆಪಾಡೂ ಮುಳುಗಿತು. ರಾಜ ಬಾಲಕನಾಗಿದ್ದಾಗ ಇಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬನ ಬಂಗಲೆ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ನೋಡಲು ಬಂದವರು ಅದನ್ನು ಮೆಚ್ಚಿಕೊಂಡು ಹೋಗುತ್ತಾರೆ. ಸಿಪಾಯಿಯ ಮೊಮ್ಮಕ್ಕಳ ಹೊಲ ಎಲ್ಲಿ ಎಂದು ಕೇಳುವವರಿಲ್ಲ.

ಹುಟ್ಟಿನಿಂದಲೇ ಕಳ್ಳ

ಬಿಳಿಯರ ಆಳ್ವಿಕೆ ಬಂದೂಕಿನಿಂದ ಎಷ್ಟು ನಡೆಯಿತೋ ದಫ್ತರದಿಂದಲೂ ಅಷ್ಟೇ ನಡೆಯಿತು. 1871ರಲ್ಲಿ ಅವರು ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಮಾಡಿದರು. ಅದರ ತರ್ಕ ಹೀಗೆ: ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಅಂತೆಯೇ ಕಳ್ಳನ ಮಗ ಕಳ್ಳ. ಆದುದರಿಂದ ಕಳ್ಳತನ ನಡೆದ ಮೇಲೆ ಹಿಡಿಯುವುದೇಕೆ, ಕುಲವನ್ನೇ ಹಿಡಿದಿಡೋಣ! ರಕ್ತದಲ್ಲಿಯೇ ಗುಣವಿದೆ, ಜನಾಂಗದಲ್ಲಿಯೇ ಮೇಲುಕೀಳು ಇದೆ ಎಂಬ ಬಿಳಿಯ ವಿದ್ಯೆ ನಮ್ಮ ಜಾತಿಯ ಗೊಬ್ಬರ ಬಿದ್ದ ನೆಲದಲ್ಲಿ ಚೆನ್ನಾಗಿ ಬೇರು ಬಿಟ್ಟಿತು. 1901ರ ಜನಗಣತಿ ನಡೆಸಿದ ರಿಸ್ಲಿ ಎಂಬ ಅಧಿಕಾರಿಯಂತೂ ಮನುಷ್ಯರ ಮೂಗು ಅಳೆದು ಜಾತಿಗಳ ಮೇಲುಕೀಳನ್ನು ಗುರುತಿಸಬಹುದೆಂದು ವಾದಿಸಿದ. ಕುದುರೆಸಂತೆಯಲ್ಲಿ ಹಲ್ಲು ನೋಡುವಂತೆ!

1911ರ ಕಾಯಿದೆಯಿಂದ ಇದು ದಕ್ಷಿಣಕ್ಕೂ ಹಬ್ಬಿತು. ನಿಜಾಮರ ರಾಜ್ಯದಲ್ಲೂ ಇದೇ ಮಾದರಿಯ ಕಾಯಿದೆ ಇತ್ತು. ಕೊರಮರು, ಕೊರಚರು, ಘಂಟಿಚೋರರು, ಪಾರ್ಧಿಗಳು, ಹಲವೆಡೆ ಲಂಬಾಣಿಗಳು, ಬೆಳಗಾವಿ ಸೀಮೆಯಲ್ಲಿ ಬೇಡರು, ಇವರೆಲ್ಲ ಕಾಗದದ ಮೇಲೆ ಹುಟ್ಟುಕಳ್ಳರಾದರು. ಬೆರಳಚ್ಚು ಕೊಡಬೇಕು, ಪೋಲೀಸರ ಮುಂದೆ ಹಾಜರಿ ಹಾಕಬೇಕು, ಪಕ್ಕದ ಊರಿಗೆ ಹೋಗಲು ಚೀಟಿ ಬೇಕು. ಮಕ್ಕಳನ್ನು ತಾಯ್ತಂದೆಯರಿಂದ ಅಗಲಿಸುವ ಅಧಿಕಾರವೂ ಸರಕಾರಕ್ಕಿತ್ತು. ಬೆಳಗಾವಿ ಕಡೆಯ ಬೇಡರ ಬಾಳು ಹೇಗಿತ್ತೆಂಬುದನ್ನು ಅವರಲ್ಲೇ ಹುಟ್ಟಿದ ಭೀಮರಾವ್ ಗಸ್ತಿಯವರು ಮರಾಠಿಯಲ್ಲಿ ‘ಬೇರಡ’ ಎಂಬ ಪುಸ್ತಕವಾಗಿ ಬರೆದರು.

ಲಂಬಾಣಿಗಳ ಸಂಗತಿ ನೋಡಿ. ಎತ್ತಿನ ಮೇಲೆ ದವಸ, ಉಪ್ಪು ಹೇರಿಕೊಂಡು ಊರಿಂದೂರಿಗೆ ಸಾಗಿಸುವುದು ಅವರ ವೃತ್ತಿ. ಅವರೂ ಒಂದು ಬಗೆಯ ಸಣ್ಣ ವ್ಯಾಪಾರಿಗಳೇ. ಮುಂಬಯಿ–ಮದ್ರಾಸು ರೈಲು ಹಳಿ ಯಾದಗಿರಿಯ ಮೇಲೆ ಹಾದು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಕಾಯಿದೆ ಬಂದ ವರ್ಷವೇ. ಒಂದು ಕೈ ಅವರ ಕಸುಬು ಕಸಿದುಕೊಂಡಿತು, ಇನ್ನೊಂದು ಕೈ “ಕಸುಬಿಲ್ಲದೆ ಅಲೆಯುವ ನೀವು ಕಳ್ಳರು” ಎಂದು ಬರೆಯಿತು.

ಮಿಲ್ಲಿನ ಗೆಳೆಯರು ತಿಳಿಯಲೇಬೇಕಾದ ಸಂಗತಿ ಇಲ್ಲಿದೆ. ಇಂಥವರನ್ನು ಕೂಡಿಹಾಕಲು ಸೋಲಾಪುರ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ವಸಾಹತುಗಳನ್ನು ಕಟ್ಟಿದರು. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರಿನ ಓಣಿಗಳಿವೆ. ಸೋಲಾಪುರದ ವಸಾಹತಿನಿಂದ ಗಂಡಸರೂ ಹೆಂಗಸರೂ ಅಲ್ಲಿನ ಬಟ್ಟೆ ಗಿರಣಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹಾಜರಿ ತಪ್ಪಿದರೆ ಜೈಲು ಎಂಬ ಮಜೂರ ಹೆಚ್ಚು ಪಗಾರ ಕೇಳುವುದು ಹೇಗೆ? ಮುಷ್ಕರ ಹೂಡುವುದು ಹೇಗೆ? ಪಕ್ಕದ ಯಂತ್ರದ ಮೇಲೆ ನಿಂತ ‘ಸ್ವತಂತ್ರ’ ಮಜೂರನ ಪಗಾರವಾದರೂ ಏರುವುದು ಹೇಗೆ? ‘ಸುಧಾರಣೆ’ ಎಂದು ಸರಕಾರ ಕರೆದದ್ದು ಮಾಲಿಕನ ಪಾಲಿಗೆ ಅಗ್ಗದ, ಬಾಯಿಲ್ಲದ ಆಳು.

1949 ಮತ್ತು 1952

ಈಗ ಮುಖ್ಯ ಮಾತಿಗೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಎರಡು ಹಳೆಯ ಅನ್ಯಾಯಗಳು ಕಾಯಿದೆಯಿಂದ ಕೊನೆಗೊಂಡವು.

ಮೊದಲನೆಯದು ಜಾಗೀರದಾರಿ. ಪೋಲೀಸ್ ಆ್ಯಕ್ಷನ್ ಆದ ಮರುವರ್ಷ, 1949ರ ಆಗಸ್ಟಿನಲ್ಲಿ, ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು. ರೈತರ ಬೆವರನ್ನು ತಲೆಮಾರುಗಟ್ಟಲೆ ಉಂಡ ಜಾಗೀರದಾರರಿಗೆ ಸರಕಾರ ಪರಿಹಾರಧನ ಗೊತ್ತುಮಾಡಿತು, ಕಂತಿನ ಮೇಲೆ ಕಂತು ಕೊಟ್ಟಿತು. ನಿಜಾಮರಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು. ರಾಜಧನದ ಪದ್ಧತಿ ತೊಲಗಲು 1971 ಬರಬೇಕಾಯಿತು.

ಎರಡನೆಯದು ಹುಟ್ಟುಕಳ್ಳರ ಕಾಯಿದೆ. ಇದನ್ನು 1936ರಲ್ಲೇ ನೆಲ್ಲೂರಿನಲ್ಲಿ ಜವಾಹರಲಾಲ ನೆಹರು ಅವರು ಖಂಡಿಸಿದ್ದರು. ಆದರೂ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಅದು ರದ್ದಾಯಿತು. ಎಂಬತ್ತೊಂದು ವರ್ಷ ಹಾಜರಿ ಹಾಕಿದವರ ವಂಶಕ್ಕೆ ಎಷ್ಟು ಪರಿಹಾರ ಗೊತ್ತಾಯಿತು? ಎಷ್ಟು ಎಕರೆ? ಎಷ್ಟು ಕಂತು? ಏನೂ ಇಲ್ಲ. ಸಿಕ್ಕಿದ್ದು ಒಂದು ಹೊಸ ಹೆಸರು, ‘ವಿಮುಕ್ತ’. ಅದರ ಬೆನ್ನಿಗೇ ರಾಜ್ಯರಾಜ್ಯಗಳಲ್ಲಿ ‘ರೂಢಿಗತ ಅಪರಾಧಿಗಳ’ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು ಬಂದದ್ದು 1961ರಲ್ಲಿ. ಬಾಗಿಲಲ್ಲಿ ಹೊರಹಾಕಿದ್ದನ್ನು ಕಿಟಕಿಯಲ್ಲಿ ಒಳಕ್ಕೆ ಬಿಟ್ಟುಕೊಂಡಂತಾಯಿತು.

ಮೂರೇ ವರ್ಷಗಳ ಅಂತರದ ಎರಡು ಕಾಯಿದೆಗಳು, ಎರಡು ಬಗೆಯ ನ್ಯಾಯ! ಜಾಗೀರದಾರನ ನಷ್ಟ ನಷ್ಟ. ದುಡಿದವನ ನಷ್ಟ ಹಣೆಬರಹ. ಜಾಗೀರದಾರನ ಮೊಮ್ಮಗ ಇಂದು ಪರಿಹಾರಧನದಿಂದ ಕಟ್ಟಿದ ಮನೆಯಲ್ಲಿ ಕೂತು “ಹಳೆಯದನ್ನು ಮರೆಯಿರಿ” ಎಂದರೆ ಅವನ ಮಟ್ಟಿಗೆ ಆ ಮಾತು ಸರಿಯಾಗಿಯೇ ಇದೆ. ಅವನ ಲೆಕ್ಕ ಚುಕ್ತಾ ಆಗಿದೆ.

ನಮ್ಮವರದೇ ಪಾಲು

ಎಲ್ಲ ಪಾಪವನ್ನೂ ಬಿಳಿಯರ ಮೇಲೆ, ನಿಜಾಮರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವವರನ್ನೂ ನಾವು ಬಿಡಲಾರೆವು. ಹೊಲೆಯ ಮಾದಿಗರನ್ನು ಬಾವಿಯಿಂದ ದೂರವಿಟ್ಟದ್ದು ಟೇಲರ್ ಸಾಹೇಬನಲ್ಲ. ಒಂದು ಚೀಲ ಜೋಳದ ಸಾಲಕ್ಕೆ ಮಗನನ್ನು ಜೀತಕ್ಕೆ ಇಟ್ಟುಕೊಂಡದ್ದು ಲಂಡನ್ನಿನ ದೊರೆಯಲ್ಲ. ನಮ್ಮ ಗೌಡರು, ದೇಸಾಯರು, ಸಾಹುಕಾರರು ಅದನ್ನು ಮಾಡಿದರು. ಪಟವಾರಿಗಳು ಅದನ್ನು ಕಾಗದಕ್ಕೆ ಇಳಿಸಿದರು. ಹೈದರಾಬಾದ್ ಸಂಸ್ಥಾನದಲ್ಲಿ 1936ರಲ್ಲಿ ಜೀತದ ಕರಾರುಗಳನ್ನು ಹತೋಟಿಗೆ ತರುವ ಕಾಯಿದೆಯೊಂದು ಬಂತು. ಜೀತ ಪೂರಾ ರದ್ದೆಂದು ದೇಶದ ಕಾಯಿದೆ ಹೇಳಿದ್ದು 1976ರಲ್ಲಿ. ಈ 40 ವರ್ಷಗಳ ಕೂಲಿಯನ್ನು ಯಾವ ಸಾಹುಕಾರನ ಖಾತೆಯಿಂದ ವಸೂಲು ಮಾಡಲಾಯಿತು?

1974ರಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಭೂಸುಧಾರಣೆ ಬಂತು. ಒಳ್ಳೆಯ ಕಾಯಿದೆ, ಅದಕ್ಕಾಗಿ ಹೋರಾಡಿದವರಿಗೆ ನಾವು ತಲೆಬಾಗುತ್ತೇವೆ. ಆದರೆ ಫಾರಂ ನಂಬರ 7 ತುಂಬಿ ಹೊಲ ಕೇಳಲು ಗೇಣಿದಾರನಾಗಿರಬೇಕಾಗಿತ್ತು. ಕೇರಿಯ ಮಾದಿಗ ಗೇಣಿದಾರನಾಗಿದ್ದನೇ? ಬಹುಪಾಲು ಅವನು ಕೂಲಿ, ಅವನು ಜೀತ. ಕಾಗದದಲ್ಲಿ ಅವನ ಹೆಸರೇ ಇಲ್ಲ. ಹೊಲ ಕಳೆದುಕೊಂಡ ಜಮೀನುದಾರನಿಗೆ ಪರಿಹಾರ, ಗೇಣಿದಾರನಿಗೆ ಹೊಲ, ಉಳುಮೆಗೆ ಮೈಕೊಟ್ಟ ಕೂಲಿಗೆ ಮತ್ತೆ ಕೂಲಿ.

ಆ ಮೇಲೆ ನಾರಾಯಣಪುರದ ಅಣೆಕಟ್ಟು ಬಂತು. ಶಹಾಪುರ, ಸುರಪುರದ ಹೊಲಗಳಿಗೆ ಕೃಷ್ಣೆ ಹರಿದಳು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಎಕರೆಯ ಬೆಲೆ ಏರಿತು. ನೀರು ಹೊಲಕ್ಕೆ ಹರಿಯುತ್ತದೆ. ಹೊಲವಿಲ್ಲದವನ ಮನೆಗೆ ಹರಿಯುವುದಿಲ್ಲ. ಸರಕಾರದ ಹಣದಿಂದ, ಎಂದರೆ ಎಲ್ಲರ ಹಣದಿಂದ ಬಂದ ಕಾಲುವೆ ಇದ್ದವನನ್ನು ಇನ್ನಷ್ಟು ಇದ್ದವನನ್ನಾಗಿ ಮಾಡಿತು. ಕಡೇಚೂರಿನಲ್ಲಿ ಕೈಗಾರಿಕೆಗೆಂದು ಭೂಮಿ ಹಿಡಿದಾಗಲೂ ಪರಿಹಾರದ ಲೆಕ್ಕ ನಡೆದದ್ದು ಪಹಣಿಯ ಮೇಲೆ. ಅದೇ ಹೊಲದಲ್ಲಿ ಮುಪ್ಪಾದ ಕೂಲಿಯವನಿಗೆ ಪಹಣಿ ಎಲ್ಲಿಂದ ಬರಬೇಕು? ಹಳೆಯ ಅನ್ಯಾಯ ಹೀಗೆ ಹೊಸ ಹೊಸ ಕಾಗದಗಳಲ್ಲಿ ಮರಿಹಾಕುತ್ತಾ ಬಂದಿದೆ.

ಇಂದಿನ ಬಾಕಿ

ಅದರ ಫಲ ಕಣ್ಣೆದುರಿಗಿದೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. 2011ರ ಜನಗಣತಿಯಲ್ಲಿ ರಾಜ್ಯದ ಅಕ್ಷರಸ್ಥರ ಪ್ರಮಾಣ ನೂರಕ್ಕೆ 75 ಇದ್ದರೆ ಯಾದಗಿರಿ ಜಿಲ್ಲೆಯದು ಸುಮಾರು 52. ಇಡೀ ಕರ್ನಾಟಕದಲ್ಲಿ ಕಟ್ಟಕಡೆಯದು. ಜಿಲ್ಲೆಯ ಜನರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಸುಗ್ಗಿ ಮುಗಿದರೆ ಸಾಕು, ತಾಂಡಾದವರು, ಕೇರಿಯವರು ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುತ್ತಾರೆ. ಕಟ್ಟಡದ ಮರಳಿನ ಗುಡ್ಡೆಯ ಪಕ್ಕದಲ್ಲಿ ಆಡುವ ಕೂಸು ಶಾಲೆಯ ಹಾಜರಿಯಲ್ಲಿ ‘ಗೈರು’.

ಕಾಗದದ ಕಲೆಯೂ ಹೋಗಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಜಾತಿ ನೋಡಿ ಜೈಲಿನಲ್ಲಿ ಕೆಲಸ ಹಂಚುವ ನಿಯಮಗಳನ್ನೂ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನೂ ತಳ್ಳಿಹಾಕಿತು. ಕಾಯಿದೆ ರದ್ದಾಗಿ 72 ವರ್ಷವಾದ ಮೇಲೂ ಜೈಲಿನ ಕೈಪಿಡಿಗಳಲ್ಲಿ ‘ಹುಟ್ಟುಕಳ್ಳ’ ಬದುಕಿಯೇ ಇದ್ದ! ಅದೇ ವರ್ಷ ನಮ್ಮದೇ ಹುಣಸಗಿ ತಾಲೂಕಿನ ಹಳ್ಳಿಯೊಂದರಲ್ಲಿ, ದೌರ್ಜನ್ಯದ ವಿರುದ್ಧ ಪೋಲೀಸರಿಗೆ ದೂರು ಕೊಟ್ಟರೆಂಬ ಕಾರಣಕ್ಕೆ, ದಲಿತ ಕೇರಿಗೆ ಬಹಿಷ್ಕಾರ ಹಾಕಿ, ಅಂಗಡಿಗಳಲ್ಲಿ ಸಾಮಾನು ಕೊಡಬೇಡಿರೆಂದು ಹೇಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾಡೆಲ್ಲ ಓದಿತು. ‘ಹಳೆಯ ಮಾತು’ ಎನ್ನುವವರು ಆ ಕೇರಿಗೆ ಹೋಗಿ ಹೇಳಲಿ.

ವಾದಗಳು

ಇನ್ನು ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

ಯೋಗ್ಯತೆ ನೋಡಿ ಎನ್ನುತ್ತಾರೆ. ನಾವೂ ಯೋಗ್ಯತೆಯ ಪಕ್ಷಪಾತಿಗಳೇ. ಆದರೆ ಒಬ್ಬನ ಕಾಲಿಗೆ ನೂರು ವರ್ಷ ಸರಪಳಿ ಹಾಕಿ, ಬಿಚ್ಚಿದ ದಿನವೇ ಓಟದ ಪಂದ್ಯ ಇಟ್ಟು, ಗೆದ್ದವನನ್ನು ಯೋಗ್ಯ ಎನ್ನುವುದು ಮೋಸ. ಬೇಡರಲ್ಲಿ ಹುಟ್ಟಿದ ಎಲ್.ಜಿ. ಹಾವನೂರ ಅವರಿಗೆ ಓದಲು ಅವಕಾಶ ಸಿಕ್ಕಿತು. 1975ರಲ್ಲಿ ಅವರ ಆಯೋಗ ಕೊಟ್ಟ ವರದಿ ಕರ್ನಾಟಕದ ಹಿಂದುಳಿದವರೆಲ್ಲರಿಗೂ ದಾರಿ ತೋರಿತು. ಅವಕಾಶ ಸಿಗದೆ ಎಷ್ಟು ಹಾವನೂರರು ಕುರಿ ಕಾಯುತ್ತ ಮುದುಕರಾದರೋ ಯಾರು ಬಲ್ಲರು? ಸುರಪುರದ ಬೇಡರಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದೇ 1991ರಲ್ಲಿ. ಮೂವತ್ತು ಚಿಲ್ಲರೆ ವರ್ಷಕ್ಕೆ “ಇನ್ನೂ ಎಷ್ಟು ದಿನ?” ಎಂದು ಕೇಳುವವರು ಅದಕ್ಕೂ ಹಿಂದಿನ ನೂರಾರು ವರ್ಷ ಯಾರನ್ನೂ ಏನೂ ಕೇಳಲಿಲ್ಲ.

ಮೇಲ್ಜಾತಿಯಲ್ಲೂ ಬಡವರಿದ್ದಾರೆ ಎನ್ನುತ್ತಾರೆ. ಇದ್ದಾರೆ, ಅವರ ಬಡತನವೂ ತೊಲಗಬೇಕು. ಆದರೆ 2019ರಲ್ಲಿ ಬಡತನದ ಹೆಸರಿನಲ್ಲಿ ನೂರಕ್ಕೆ 10 ಮೀಸಲಿಟ್ಟಾಗ ಪರಿಶಿಷ್ಟರ, ಹಿಂದುಳಿದವರ ಬಡವರನ್ನು ಅದರಿಂದ ಹೊರಗಿಟ್ಟದ್ದೇಕೆ? ಬಡತನದಲ್ಲೂ ಜಾತಿ ನೋಡಿದ ಸರಕಾರಕ್ಕೆ ಜಯಕಾರ ಹಾಕಿದವರೇ ಮರುದಿನ “ಜಾತಿ ನೋಡಬೇಡಿ” ಎಂದು ನಮಗೆ ಉಪದೇಶಿಸಿದರು.

ಅವರವರಲ್ಲೇ ಜಗಳವಿದೆ ಎನ್ನುತ್ತಾರೆ. ಇದೆ, ಆ ಜಗಳ ಹಚ್ಚುವವರೂ ಇದ್ದಾರೆ. 2025ರ ಆಗಸ್ಟಿನಲ್ಲಿ ರಾಜ್ಯದ ಮಂತ್ರಿಮಂಡಲ ಪರಿಶಿಷ್ಟ ಜಾತಿಗಳ ನೂರಕ್ಕೆ 17ನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ಆಯೋಗ ಅಲೆಮಾರಿಗಳಿಗೆ ಬೇರೆಯಾಗಿ ಹೇಳಿದ್ದ ನೂರಕ್ಕೆ 1, ಲಂಬಾಣಿ, ಭೋವಿ, ಕೊರಮ, ಕೊರಚರ 5ರಲ್ಲಿ ಮುಳುಗಿಹೋಯಿತು. ಎಲ್ಲರಿಗಿಂತ ಸಣ್ಣ ಗುಡಿಸಲಿನವನ ಪಾಲೇ ಮೊದಲು ಕರಗಿತು. 2020ರಿಂದ ‘ತಳವಾರ’ ಎಂಬ ಒಂದು ಹೆಸರಿನ ಪ್ರಮಾಣಪತ್ರಕ್ಕಾಗಿ ನಮ್ಮ ಕಡೆ ಬಡವರು ಬಡವರ ಮೇಲೆ ಅರ್ಜಿ ಹಾಕುತ್ತಿದ್ದಾರೆ. ಒಂದು ರೊಟ್ಟಿಯನ್ನು ಹತ್ತು ಜನರ ನಡುವೆ ಎಸೆದು, “ನೋಡಿ, ಹೇಗೆ ಕಚ್ಚಾಡುತ್ತಾರೆ” ಎಂದು ನಗುವವನ ಕಣಜದಲ್ಲಿ ಎಷ್ಟು ಚೀಲ ಜೋಳವಿದೆಯೆಂದು ಯಾರೂ ಕೇಳದಿರಲಿ ಎಂಬುದೇ ಈ ಆಟದ ಉದ್ದೇಶ.

ಅವರ ಹೆಸರಿನ ಹಣವನ್ನು ಅವರ ಧುರೀಣರೇ ತಿನ್ನುತ್ತಾರೆ ಎನ್ನುತ್ತಾರೆ. 2024ರಲ್ಲಿ ವಾಲ್ಮೀಕಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಅಕ್ರಮವಾಗಿ ಹೊರಹೋದದ್ದು ನಿಜ. ಮಂತ್ರಿಯೊಬ್ಬರು ರಾಜೀನಾಮೆ ಕೊಡಬೇಕಾಯಿತು. ತಿಂದವರು ಯಾರೇ ಆಗಿರಲಿ, ಯಾವ ಜಾತಿಯವರೇ ಆಗಿರಲಿ, ಜೈಲಿಗೆ ಹೋಗಲಿ. ಆದರೆ ಕಳ್ಳ ನುಗ್ಗಿದನೆಂದು ಮನೆಯವರ ಪಾಲನ್ನೇ ರದ್ದು ಮಾಡುವುದು ಯಾವ ನ್ಯಾಯ? ಬ್ಯಾಂಕು ಮುಳುಗಿಸಿದವರ ಜಾತಿ ಹಿಡಿದು ಯಾರಾದರೂ ಆ ಜಾತಿಯವರಿಗೆಲ್ಲ ಸಾಲ ನಿಲ್ಲಿಸಿದ್ದುಂಟೇ? ಒಬ್ಬನ ಕಳ್ಳತನವನ್ನು ಇಡೀ ಕುಲದ ತಲೆಗೆ ಕಟ್ಟುವುದು 1871ರ ವಿದ್ಯೆ. ಅದು ಇನ್ನೂ ಸತ್ತಿಲ್ಲ.

ಮಿಲ್ಲಿಗೂ ಅಂಗಡಿಗೂ ಏನು ಸಂಬಂಧ?

“ಇದೆಲ್ಲ ಅವರ ಪಾಡು, ನಮಗೇನು?” ಎಂದು ಜಿನ್ನಿಂಗ್ ಮಿಲ್ಲಿನ, ದಾಲ್ ಮಿಲ್ಲಿನ, ಅಕ್ಕಿ ಗಿರಣಿಯ ಗೆಳೆಯರು ಕೇಳಬಹುದು. ಸಂಬಂಧವಿದೆ. ಹೊಲವಿಲ್ಲದವನು, ಅಕ್ಷರವಿಲ್ಲದವನು, ಸಾಲದಲ್ಲಿ ಮುಳುಗಿದವನು ಮಿಲ್ಲಿನ ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುವವರೆಗೆ ಒಳಗಿನವನ ಪಗಾರ ಏರುವುದಿಲ್ಲ. ಮಾಲಿಕ ಗೇಟಿನ ಕಡೆ ಕೈ ತೋರಿಸಿದರೆ ಸಾಕು, ಒಳಗಿನವನ ಬಾಯಿ ಕಟ್ಟುತ್ತದೆ. ಸೋಲಾಪುರದ ತಂತಿಬೇಲಿ ಹೋಯಿತು. ಗುತ್ತಿಗೆದಾರನ ಪಟ್ಟಿ ಬಂತು. ಹೊಲದಲ್ಲಿ ಅಗ್ಗವಾದ ಬೆವರು ಮಿಲ್ಲಿನಲ್ಲೂ ಅಗ್ಗವೇ.

ಅಂಗಡಿಕಾರ ಬಂಧುಗಳು ತಮ್ಮ ಉದ್ರಿಯ ಪುಸ್ತಕ ತೆಗೆದು ನೋಡಲಿ. ಕೇರಿಯವನ, ತಾಂಡಾದವನ ಕೈಯಲ್ಲಿ ನಾಲ್ಕು ದುಡ್ಡು ಓಡಾಡಿದರೆ ಅದು ಸಂಜೆಗೆ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ: ಎಣ್ಣೆ, ಬೇಳೆ, ಚಹಪುಡಿ, ಮಗುವಿನ ಪಾಟಿ, ಹೆಂಡತಿಯ ಸೀರೆ. ಐದುನೂರು ಎಕರೆಯವನು ನಿಮ್ಮಲ್ಲಿ ಸೀರೆ ಕೊಳ್ಳುವುದಿಲ್ಲ. ಹೈದರಾಬಾದಿಗೆ ಹೋಗಿ ಕೊಳ್ಳುತ್ತಾನೆ. ವರ್ಷದಲ್ಲಿ ಆರು ತಿಂಗಳು ಗುಳೆ ಹೋಗುವ ಊರಿನಲ್ಲಿ ಆರು ತಿಂಗಳು ಅಂಗಡಿಯೂ ಗುಳೆಯೇ. ಬಹಿಷ್ಕಾರ ಹಾಕುವ ದೊಡ್ಡವರ ಮಾತು ಕೇಳಿ ಬಡವನಿಗೆ ಸಾಮಾನು ಕೊಡದ ಅಂಗಡಿಕಾರ ತನ್ನ ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ, ತನ್ನ ಮಾನವನ್ನೂ ಕಳೆದುಕೊಳ್ಳುತ್ತಾನೆ.

ನಮ್ಮ ಬೇಡಿಕೆ

ನಾವು ಭಿಕ್ಷೆ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದೇವೆ. ಜಾಗೀರದಾರನಿಗೆ ಪರಿಹಾರ ಕೊಡಬಲ್ಲ ಬೊಕ್ಕಸ ದುಡಿದವನಿಗೂ ಕೊಡಬಲ್ಲದು.

2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಕಾಲುವೆಯ ನವೀಕರಣದ ಸಮಾರಂಭವಾಯಿತು. ಅದೇ ದಿನ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಅದು ನಿಂತ ಮನೆಯ ಹಕ್ಕು, ದುಡಿದು ತಿನ್ನುವ ನೆಲದ ಹಕ್ಕಲ್ಲ. ಮನೆಯ ಜಾಗದ ಬೆನ್ನಿಗೆ ಸಾಗುವಳಿಯ ಭೂಮಿಯೂ ಬರಬೇಕು. ಸರಕಾರಿ ಜಮೀನನ್ನು ವರ್ಷಗಟ್ಟಲೆ ಉತ್ತ ಭೂಹೀನರ ಅರ್ಜಿಗಳನ್ನು ಕಪಾಟಿನಿಂದ ಕೆಳಗಿಳಿಸಿ ಇತ್ಯರ್ಥ ಮಾಡಬೇಕು. ಕಾಲುವೆಯ ನೀರು ಹರಿಯುವ ತಾಲೂಕುಗಳಲ್ಲಿ ಭೂಮಿಯಿಲ್ಲದವರಿಗೆ ಸರಕಾರ ಹೊಲ ಕೊಂಡು ಕೊಡುವುದಾದರೆ ನೀರಾವರಿಯ ಹೊಲವನ್ನೇ ಕೊಡಬೇಕು, ಕಲ್ಲುಗುಡ್ಡವನ್ನಲ್ಲ. 371ಜೆ ಕಲಮಿನಡಿ ಈ ಭಾಗಕ್ಕೆ ಮೀಸಲಾದ ಹುದ್ದೆಗಳನ್ನು ಖಾಲಿ ಬಿಡದೆ ತುಂಬಬೇಕು. ಗುಳೆ ಹೋಗುವವರ ಮಕ್ಕಳಿಗೆ ಊರಿನಲ್ಲೇ ವಸತಿಶಾಲೆ ಬೇಕು. ಅಲೆಮಾರಿಗಳ ಪಾಲನ್ನು ಅಲೆಮಾರಿಗಳಿಗೇ ಬೇರೆಯಾಗಿ ಕೊಡಬೇಕು. ಪೋಲೀಸ್ ಠಾಣೆಯ ಯಾವ ಪುಸ್ತಕದಲ್ಲೂ ಕುಲದ ಹೆಸರಿನ ಮೇಲೆ ಅನುಮಾನದ ಗೆರೆ ಉಳಿಯಬಾರದು.

ಇವು ತಾವಾಗಿ ಬರುವುದಿಲ್ಲ. ಜಾಗೀರದಾರರಿಗೆ ಪರಿಹಾರ ಸಿಕ್ಕಿದ್ದು ಅವರ ಲೆಕ್ಕ ಹೆಚ್ಚು ನ್ಯಾಯವಾಗಿತ್ತೆಂದಲ್ಲ. ಕಚೇರಿಯಲ್ಲಿ ಅವರ ಪರವಾಗಿ ಮಾತಾಡುವವರಿದ್ದರೆಂದು. ದುಡಿದವನ ಪರವಾಗಿ ಮಾತಾಡುವವರು ಯಾರು? ಯಾದಗಿರಿಯ ಹಮಾಲ, ಶಹಾಪುರದ ಗಿರಣಿಯ ಮಜೂರ, ಸುರಪುರದ ಕಿರಾಣಿ ಅಂಗಡಿಕಾರ, ಕೇರಿಯವರು, ತಾಂಡಾದವರು, ಒಂದೇ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ದಿನ ಆ ದನಿ ಹುಟ್ಟುತ್ತದೆ. ಒಂದು ಕಾಲದಲ್ಲಿ ಈ ಜನರ ಬೆರಳಚ್ಚನ್ನು ಪೋಲೀಸರು ಹೆದರಿಸಿ ತೆಗೆದುಕೊಂಡರು. ಈ ಸಲ ಅದು ನಮ್ಮ ಹಕ್ಕಿನ ಕಾಗದದ ಮೇಲೆ, ನಮ್ಮ ಮನಸ್ಸಿನಿಂದ ಬೀಳಲಿ.